ಸ್ಕ್ರೀನಿನಲ್ಲಿ ‘ಅಲರ್ಜಿ ಇಲ್ಲ’

ಬಸ್ಸು ಬೇಲೂರು ಸಮೀಪಿಸುತ್ತಿತ್ತು. ಮುಂದಿನ ಸೀಟಿನಲ್ಲಿ ಅಲ್ಲಿನ ಒಂದು ನರ್ಸಿಂಗ್ ಹೋಮಿಗೆ ಸಾಫ್ಟ್‌ವೇರ್ ಬರೆದುಕೊಡುವ ಇಬ್ಬರು ಕುಳಿತಿದ್ದರು. ಹುಡುಗಿ ಲ್ಯಾಪ್‌ಟಾಪನ್ನು ಹುಡುಗನತ್ತ ತಿರುಗಿಸಿದಳು.

“ಶ್ರೀರಾಮ್, ಅಲ್ಲಿ ಅಡ್ಮಿಟ್ ಆಗಿರೋ ಗಿಡ್ಡಮ್ಮನವರಿಗೆ ಪೆನಿಸಿಲಿನ್ ಆಗಲ್ಲ ಅಂತ ಹಳೇ ಡೇಟಾಬೇಸಲ್ಲಿದೆ. ಹೊಸದಕ್ಕೆ ಹಾಕಿದ್ಮೇಲೆ ಸ್ಕ್ರೀನಲ್ಲಿ ‘ಅಲರ್ಜಿ ಇಲ್ಲ’ ಅಂತ ಬರ್ತಿದೆ ಕಣೋ.”

“ಕೋಡ್ ಒಂದಕ್ಷರಾನೂ ಬದಲಾಗಿಲ್ವಲ್ಲ ಹಿತಾ!”

“ಡೇಟಾಬೇಸ್ ಯಾವುದಾದ್ರೇನು, ಕೋಡಿಗೂ ಅದಕ್ಕೂ ಮಧ್ಯೆ ಭಾಷಾಂತರ ಮಾಡೋ ಮ್ಯಾಪರ್ ನೋಡ್ಕೊಳುತ್ತೆ ಅಂದೆ ನೀನು. ರೋಗಿ ಪಟ್ಟೀನೂ ಅಲರ್ಜಿ ಪಟ್ಟೀನೂ ಜೋಡಿಸೋದು ಹೊಸದಕ್ಕೆ ಬರಲ್ವಲ್ಲೋ.”

“ಬರದಿದ್ರೆ ಎರರ್ ತೋರಿಸ್ಬೇಕಿತ್ತು.”

“ಕೆಂಪಕ್ಷರ ಕಂಡ್ರೆ ನರ್ಸುಗಳು ಹೆದರ್ತಾರೆ, ಎರರ್ ಬಂದಾಗೆಲ್ಲ ‘ಇಲ್ಲ’ ಅಂತ ತೋರ್ಸು ಅಂದೋನು ಯಾರು?”

ಅವನು ಗಡಿಯಾರ ನೋಡಿಕೊಂಡ.

“ಇಂಜೆಕ್ಷನ್ ಎಷ್ಟೊತ್ತಿಗೆ?”

“ಹತ್ತಕ್ಕೆ.”

“ಹತ್ತಾಗೋಯ್ತು. ಫೋನ್ ಮಾಡೇ!”

“ಮಾಡ್ತಾನೇ ಇದೀನಿ. ಹಲೋ ಸಿಸ್ಟರ್, ಗಿಡ್ಡಮ್ಮನವರಿಗೆ ಪೆನಿಸಿಲಿನ್ ಕೊಡ್ಬೇಡಿ, ಸ್ಕ್ರೀನ್ ನಂಬ್ಬೇಡಿ!”

“ಏನಂದ್ರು?”

“‘ಅಯ್ಯೋ, ಇನ್ನೊಬ್ರು ನರ್ಸ್ ಈಗಷ್ಟೇ ಸಿರಿಂಜ್ ಹಿಡ್ಕೊಂಡು ವಾರ್ಡಿನೊಳಗೋದ್ರು’ ಅಂದ್ರು. ಫೋನ್ ಮೇಜಿನ ಮೇಲಿಟ್ಟು ಓಡಿದ್ರು.”

ನಿಲ್ದಾಣದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಬ್ಬರೂ ಬಾಗಿಲಿಗೆ ನುಗ್ಗಿದರು. ಫೋನು ಅವಳ ಕಿವಿಯಲ್ಲೇ ಇತ್ತು.

“ಯಾರಾದ್ರೂ ಮಾತಾಡ್ತಿದಾರೇನೇ?”

“ಫ್ಯಾನ್ ತಿರುಗೋ ಸದ್ದು ಕೇಳ್ತಿದೆ ಕಣೋ. ಅಷ್ಟೇ.”

ಅವರು ನರ್ಸಿಂಗ್ ಹೋಮಿಗೆ ಆಟೋ ಹತ್ತಿದರು.