ಬಾಗಿಲ ಹೊರಗಿನಿಂದ ಕೂಗಿದ್ದು

ಕಳೆದ ಸೈಕಲ್ಲಿನ ದೂರು ಕೊಡಲು ಹೋಗಿದ್ದೆ. ವಿಚಾರಣೆ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಪೇದೆ, ಅವನ ಹೆಂಡತಿ ಕೂತಿದ್ದರು.

"ರೀ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ಹೆಂಡ್ತೀನ ಕಡಿದೋನ ಕೈಲಿ ಮಚ್ಚಿತ್ತು, ನಿಮ್ಮ ಕೈಲಿ ಬರೀ ಲಾಠಿ. ಜೀಪು ಬರೋವರೆಗೂ ಒಳಗೆ ಹೋಗ್ಬೇಡ ಅಂತ ಸಾಹೇಬರೇ ಅಂದಿದ್ರು."

"ಅಂದಿದ್ರು."

"ಮನೇಲಿ ಹಲ್ಲಿ ಓಡಿಸೋಕೂ ನನ್ನ ಕರೆಯೋರು ನೀವು. ಮಚ್ಚಿಗೆ ಎದೆ ಕೊಡ್ಬೇಕಿತ್ತಂತಾ? ನಮಗೂ ಎರಡು ಮಕ್ಕಳಿಲ್ವಾ?"

"ಆಯಮ್ಮ ಹಿಂದಿನ ಕಿಟಕಿ ಹತ್ತಿದ್ಲಂತೆ ಕಣೆ. ಪಕ್ಕದ ಮನೆಯೋರು ನೋಡಿದಾರೆ."

"ಹತ್ತಿದೋಳು ಹಾರಬಾರದಿತ್ತಾ?"

"ಹಾರ್ತಿದ್ಲು. ಅಷ್ಟರಲ್ಲಿ ನಾನು ಮುಂಬಾಗಿಲು ಬಡಿದು ಕೂಗ್ದೆ, 'ಹೆದರಬೇಡಮ್ಮಾ, ಪೊಲೀಸ್ ಬಂದಿದೀವಿ' ಅಂತ. ಕಿಟಕಿ ಇಳಿದು ನನ್ನ ಕಡೆ ಓಡಿ ಬಂದ್ಲು. ಗಂಡ ನಡುವೆ ನಿಂತಿದ್ದ."

ಅವಳು ಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅದನ್ನ ಒಳಗೆ ಹೇಳ್ಬೇಡಿ."

"ಯಾರೂ ಕೇಳಲ್ಲ ಬಿಡು. ಜೀಪು ಎಷ್ಟೊತ್ತಿಗೆ ಬಂತು ಅಂತ ಕೇಳ್ತಾರೆ."

ಒಳಗಿನಿಂದ ಕರೆ ಬಂತು. ಅವಳು ಅವನ ಕಾಲರಿನ ಗುಂಡಿ ಹಾಕಿ ಕಳಿಸಿದಳು. ಅರ್ಧ ಗಂಟೆಯೊಳಗೆ ಅವನು ಹೊರಗೆ ಬಂದ.

"ಏನಂದ್ರು?"

"ನಂದೇನೂ ತಪ್ಪಿಲ್ವಂತೆ. ನಾಳೆಯಿಂದ ಡ್ಯೂಟಿಗೆ ಬಾ ಅಂದ್ರು."

"ಸದ್ಯ! ಮತ್ಯಾಕ್ರೀ ಮುಖ ಹಾಗಿದೆ?"

"ಅದೇ ಬೀದಿಗೇ ಹಾಕಿದಾರೆ ಕಣೆ. ಇನ್ಮೇಲೆ ಇಂಥದ್ದಾದ್ರೆ ಬಾಗಿಲಲ್ಲಿ ನಿಂತು ಏನಂತ ಕೂಗ್ಲಿ?"

ಅವಳು ಬೆಂಚಿನ ಮೇಲಿದ್ದ ಅವನ ಟೋಪಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅವನು ಹಿಂದೆಯೇ ಹೋದ.