ಕಮಾನಿನ ಕೆಳಗೆ ಊಟ

ಐವತ್ತನಾಲ್ಕನೇ ಇಸವಿ. ಗೋಕಾಕದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿ ಇಬ್ಬರು ಕುಳಿತಿದ್ದರು. ಒಬ್ಬ, ಕೊಣ್ಣೂರ ಹಾದಿಯ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತಿದ್ದ ಮುಕಾದಮ. ಇನ್ನೊಬ್ಬ, ಅದರ ಕಲ್ಲಿನ ಕಮಾನಿಗೆಂದು ಅವನು ಗೊತ್ತುಮಾಡುತ್ತಿದ್ದ ಮುದುಕ ಗೌಂಡಿ ಯಲ್ಲಾರಿ.

“ದಿನಕ್ಕ ಮೂರು ರೂಪಾಯಿ. ಹೊತ್ತು ಹೊಂಟಾಗ ಬಾ, ಮುಳುಗಿದ ಮ್ಯಾಲ ಹೋಗು.”

“ಮುಳುಗೂ ತನಕ ಆಗೂದಿಲ್ರಿ. ಬೆಳಕ ಇಳೀತಂದ್ರ ಕಲ್ಲಿನ ಸಂದು ಕಾಣೂದಿಲ್ಲ. ದನ ಮನಿಗೆ ಬರೂ ಹೊತ್ತಿಗೆ ಕೈ ತೊಳಿತೇನಿ.”

“ಆತು. ಕಮಾನ ಕೂಡಿದ ಮ್ಯಾಲ ಕೆಳಗಿನ ಕಟ್ಟಿಗಿ ಆಸರ ತಗಿಯೂ ದಿನಾನೂ ನೀ ಇರಬೇಕು.”

“ಇರ್ತೇನ್ರಿ. ಅವತ್ತಿನ ಪಗಾರ ಬ್ಯಾಡ.”

“ಯಾಕ?”

“ಅವತ್ತ ದುಡಿಯೂದು ಕಮಾನ್ರಿ. ನಿಮ್ಮ ಆಳು ಆಸರ ತಗೀತಾರ. ನಾನೂ ನನ್ನ ಹೇಣ್ತಿನೂ ಅದರ ಕೆಳಗ ಕುಂತು ರೊಟ್ಟಿ ತಿಂತೇವಿ. ನಮ್ಮಪ್ಪ, ನಮ್ಮವ್ವನೂ ಹಂಗ ಕುಂಡರತಿದ್ರು.”

“ಕಮಾನ ನಿಲ್ಲಲಿಲ್ಲಂದ್ರ?”

“ಹಂಗ ಅನಸಿದ್ರ ಆಕೀನ್ನ ಯಾಕ ಕರ್ಕೊಂಡ ಬರ್ಲ್ರಿ?”

ಬಸ್ಸು ಬಂತು. ಯಲ್ಲಾರಿ ತನ್ನ ಉಳಿ ಸುತ್ತಿಗೆಯ ಚೀಲಕ್ಕೆ ಕೈ ಹಾಕುವ ಮೊದಲೇ ಮುಕಾದಮ ಅದನ್ನು ತನ್ನ ಹೆಗಲಿಗೇರಿಸಿಕೊಂಡಿದ್ದ.

“ಬರ್ರಿ” ಎಂದ.