ಖಾಲಿ ಡಬ್ಬಿ ವಾಪಸ್ ಕೊಡಬಾರದು

ಅದೆಲ್ಲ ಆಮೇಲೆ ಹೇಳ್ತೀನಿ, ಮೊದಲು ಇದಕ್ಕೆ ಉತ್ತರ ಹೇಳಿ. ಬಾಗಿಲಿಲ್ಲದ ಕಟ್ಟಡ, ತಲೆ ಮೇಲೆ ಹಸಿರು ಬೋರ್ಡು, ಬೋರ್ಡಲ್ಲೊಂದು ಹಾವು, ಒಳಗಡೆ ಮೇಕೆ ಮರಿ ಹಾಕಿದೆ. ಏನದು?

ಗೊತ್ತಾಗಲ್ಲ ಬಿಡಿ ದೇವಕಿ ಆಂಟಿ. ನಮ್ಮಪ್ಪನಿಗೂ ಗೊತ್ತಾಗಲಿಲ್ಲ. ಬಸ್ ಸ್ಟ್ಯಾಂಡು. ಸೇಂಟ್ ಬ್ರೂನೋದ ಬಸ್ ಸ್ಟ್ಯಾಂಡು. ಹಾವು ಯಾಕೆ ಅಂದ್ರೆ… ಸುಮ್ಮನೆ. ಆ ಊರಲ್ಲಿ ಯಾವುದಕ್ಕೂ ಯಾಕೆ ಅಂತ ಕೇಳಬಾರದು.

ದೋಸೆ ಸಾಕು. ಸರಿ, ಇನ್ನೊಂದು ಹಾಕಿ.

ನೀವೇ ತಾನೇ ಕಳಿಸಿದ್ದು ನನ್ನನ್ನ? 'ಉತ್ತಮ್, ಹೇಗೂ ಅಪ್ಪನ ಜೊತೆ ಕ್ರಿಕೆಟ್ ನೋಡೋಕೆ ವೆಸ್ಟ್ ಇಂಡೀಸ್‌ಗೆ ಹೋಗ್ತಿದೀಯ, ಹಾಗೇ ಅಲ್ಲಿ ಮೆಡಿಕಲ್ ಓದ್ತಿರೋ ನಮ್ಮ ಕಿರಣನ್ನ ನೋಡ್ಕೊಂಡು ಚಟ್ನಿಪುಡಿ ಕೊಟ್ಟು ಬಾ' ಅಂತ. ಹಾಗೇ ಅಂತೆ! ಇಲ್ಲಿ ಪರ್ತಲ್ಲಿ ವಿಲೆಟನ್ನಿಂದ ಪಕ್ಕದ ಹ್ಯಾರಿಸ್‌ಡೇಲ್‌ಗೆ ಹೋದಂಗೆ ಅಂದ್ಕೊಂಡ್ರಾ? ವೆಸ್ಟ್ ಇಂಡೀಸ್ ಅಂದ್ರೆ ಒಂದು ಊರಲ್ಲ ಆಂಟಿ. ಮಧ್ಯ ಸಮುದ್ರ ಇದೆ. ಅಪ್ಪ ಮ್ಯಾಚ್ ಬಿಟ್ಟು ಏಳಲ್ಲ ಅಂದ್ರು. ನಾನೊಬ್ಬನೇ ಐದು ಗಂಟೆ ದೋಣೀಲಿ. ಮಡಿಲಲ್ಲಿ ನಿಮ್ಮ ಸ್ಟೀಲ್ ಡಬ್ಬಿ, ಪಕ್ಕದಲ್ಲೊಬ್ಬಳು ಅಜ್ಜಿ, ಅವಳ ಮಡಿಲಲ್ಲಿ ಕೋಳಿ. ಕೋಳಿ ವಾಂತಿ ಮಾಡಲಿಲ್ಲ, ನಾನು ಮಾಡಿದೆ.

ಊರಾ ಅದು? ಇಡೀ ಸೇಂಟ್ ಬ್ರೂನೋನ ತಂದು ನಮ್ಮ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಲ್ಲಿ ನಿಲ್ಲಿಸಿದ್ರೆ ಇನ್ನೂ ನಾಲ್ಕು ಕಾರಿಗೆ ಜಾಗ ಉಳಿಯುತ್ತೆ. ಒಂದು ಬೀದಿ. ಬೀದಿಗೆ ಮೂರು ಚರ್ಚು, ಮೂರು ಚರ್ಚಿಗೂ ಒಬ್ಬನೇ ಗಂಟೆ ಹೊಡೆಯೋನು, ಸೈಕಲ್ಲಲ್ಲಿ ಓಡಾಡ್ತಾನೆ. ಒಂದು ಟ್ರಾಫಿಕ್ ಲೈಟಿದೆ, ಉರಿಯಲ್ಲ, ಆದರೂ ಬಂದವರಿಗೆಲ್ಲ ಕರ್ಕೊಂಡು ಹೋಗಿ ತೋರಿಸ್ತಾರೆ. ಬೀಚ್ ತುಂಬ ಕೊಳೆತ ಪಾಚಿ, ಮೊಳಕಾಲಷ್ಟು. ಕ್ಯಾಲೆಂಡರಲ್ಲಿ ನೀಲಿ ನೀರು, ತೆಂಗಿನ ಮರ ತೋರಿಸ್ತಾರಲ್ಲ, ಆ ಫೋಟೋ ತೆಗೆದವನಿಗೆ ಮೂಗಿರಲಿಲ್ಲ.

ಅಂಗಡಿಗೆ ಹೋದೆ. ಬೋರ್ಡಲ್ಲಿ ಸೂಪರ್ ಮಾರ್ಕೆಟ್ ಅಂತಿದೆ, ಒಳಗೆ ನಾಲ್ಕು ಈರುಳ್ಳಿ. ಒಂದು ಕೋಕ್ ಕೊಡಿ ಅಂದೆ. ಅಂಗಡಿಯಮ್ಮ ನನ್ನ ಮುಖಾನೂ ನೋಡಲ್ಲ. ಮತ್ತೆ ಕೇಳಿದೆ, ಮತ್ತೆ ಇಲ್ಲ. ಆಮೇಲೆ ಹಿಂದೆ ನಿಂತಿದ್ದ ಮುದುಕ ಹೇಳಿದ, ಮೊದಲು ಗುಡ್ ಮಾರ್ನಿಂಗ್ ಹೇಳ್ಬೇಕಂತೆ. ಹೇಳದೇ ಇದ್ರೆ ನಾನು ಅಂಗಡಿಗೆ ಬಂದೇ ಇಲ್ಲ ಅಂತ ಲೆಕ್ಕವಂತೆ. ಹೇಳಿದೆ. ಕೊಟ್ಟಳು. ಬಿಸಿ ಕೋಕು.

ಯಾಕೆ ನಗ್ತೀರ? ನಿಮಗೆ ತಕ್ಕ ಊರು ಅಂತಾನಾ? ನಾನು ನಿಮ್ಮನೆ ಬಾಗಿಲಲ್ಲಿ ನಮಸ್ಕಾರ ಹೇಳದೇ ಒಳಗೆ ಬಂದಾಗೆಲ್ಲ ನೀವೂ ಹಾಗೇ ಮಾಡ್ತೀರಲ್ಲ.

ಕಿರಣನಾ? ಹೇಳ್ತೀನಿ, ಅವನದ್ದೇ ಹೇಳ್ತಿರೋದು. ಚೆನ್ನಾಗಿದ್ದಾನೆ. ಕಪ್ಪಗಾಗಿದ್ದಾನೆ. ತೋಳು ದಪ್ಪ ಆಗಿದೆ. ಊಟ ಮಾಡ್ತಾನೆ… ಏನೋ ಒಂದು ಮಾಡ್ತಾನೆ. ಓದಾ? ಓದು ಅಂದ್ರೆ, ಬೆಳಿಗ್ಗೆ ಐದಕ್ಕೇ ಏಳ್ತಾನೆ. ಊರೋರೆಲ್ಲ ಡಾಕ್ ಡಾಕ್ ಅಂತ ಕರೀತಾರೆ, ಡಾಕ್ಟ್ರು ಅಂತ. ದೇವರಾಣೆ. ಸೈಕಲ್ ಮೇಲಿಂದಾನೂ ಕರೀತಾರೆ.

ಅಲ್ಲ, ಹಾಲ್‌ನಲ್ಲಿ ಆ ದೊಡ್ಡ ಸೂಟ್‌ಕೇಸ್ ಯಾಕೆ ತೆಗೆದಿಟ್ಟಿದೀರ?

ಎಲ್ಲಿಗೆ? …ಯಾವತ್ತು? ನವೆಂಬರ್ ಹದಿನಾಲ್ಕು. ಟಿಕೆಟ್ ಆಗೋಗಿದೆಯಾ? ಬಾಲಕೃಷ್ಣ ಅಂಕಲ್‌ದೂ? ಕಿರಣನಿಗೆ ಗೊತ್ತಾ? ಓ. ಸರ್‌ಪ್ರೈಸು. ಅವನು ಡಿಗ್ರಿ ತಗೋಳೋ ದಿನ ನೀವಿಬ್ರೂ ಸುಮ್ಮನೆ ಹೋಗಿ ಮೊದಲನೇ ಸಾಲಲ್ಲಿ ಕೂತ್ಕೊಳ್ಳೋದು. ಅಡಿಲೇಡ್‌ನ ಕಸ್ತೂರಿ ಆಂಟಿಗೂ ಹೇಳಿಬಿಟ್ರಾ? ದೇಶದ ಆ ತುದೀಲಿ, ಸನ್ನಿಬ್ಯಾಂಕಲ್ಲಿರೋ ನಿಮ್ಮ ಮೈದುನನಿಗೂ? ಹಾಗಾದ್ರೆ ಆಸ್ಟ್ರೇಲಿಯಾಗೇ ಗೊತ್ತು ಅಂತಾಯ್ತು.

ಬೇಡ ಆಂಟಿ. ನಿಮಗೆ ಆಗಲ್ಲ ಆ ಊರು. ತರಕಾರಿ ಸಿಗಲ್ಲ, ಅನ್ನಕ್ಕೂ ಮೀನು ಹಾಕ್ತಾರೆ. ದೋಣಿ ನಿಮ್ಮ ಮಂಡಿಗೆ ಆಗಲ್ಲ. ಮೇಲಾಗಿ ನವೆಂಬರಲ್ಲಿ ಅಲ್ಲಿ ಚಂಡಮಾರುತ, ಫಂಕ್ಷನ್ನೇ ಮುಂದಕ್ಕೆ ಹಾಕಿದ್ದಾರಂತೆ, ಯಾವಾಗ ಅಂತ ಗೊತ್ತಿಲ್ಲವಂತೆ. ಕಿರಣಾನೇ ಹೇಳಿದ. ನಿಮಗೆ ಯಾಕೆ ಹೇಳಲಿಲ್ಲ ಅಂದ್ರೆ… ನೆಟ್ ಇರಲಿಲ್ಲವೇನೋ. ಗೊತ್ತಲ್ಲ, ವೀಡಿಯೋ ಕಾಲ್ ಬರಲ್ಲ ಅಲ್ಲಿ.

ನನಗಾ? ನನಗೆ ಬಂತು. ನಾನು ಅಪ್ಪಂಗೆ ವೀಡಿಯೋ ಕಾಲ್ ಮಾಡಿ… ಬೇರೆ ಸಿಮ್ ಅದು.

ತಗೊಳ್ಳಿ, ಮರೆತಿದ್ದೆ, ನಿಮ್ಮ ಡಬ್ಬಿ. ಖಾಲಿ ಇಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳ್ತಾರೆ ಅಂದ ಕಿರಣ. ಸಕ್ಕರೆ ಹಾಕಿ ಕೊಟ್ಟ, ಅಲ್ಲೀದೇ ಕೆಂಪು ಸಕ್ಕರೆ. ಪರ್ತ್ ಏರ್‌ಪೋರ್ಟಲ್ಲಿ ಕಸ್ಟಮ್ಸ್ ನಾಯಿ ಬಂದು ನನ್ನ ಬ್ಯಾಗ್ ಪಕ್ಕ ಕೂತ್ಕೊಂಡು ಏಳಲ್ಲ ಅಂತು. ಆಫೀಸರ್ ಗ್ಲವ್ಸ್ ಹಾಕ್ಕೊಂಡು ತೆಗೆದು ನೋಡಿದ. ಸಕ್ಕರೆ ಅಂತ ಫಾರಮ್ಮಲ್ಲಿ ಬರೆದಿದ್ದೆ, ಬಿಟ್ಟ. ನಾಯಿಗೆ ಮಾತ್ರ ನಂಬಿಕೆ ಬರಲಿಲ್ಲ.

ಮೂಸಬೇಡಿ. ಆಂಟಿ, ಮೂಸಬೇಡಿ, ಮುಚ್ಚಿ ಇಟ್ಬಿಡಿ.

…ಮೂರು ಸಲ ತೊಳೆದ. ನನ್ನ ಕಣ್ಣೆದುರೇ ಬೂದಿ ಹಾಕಿ ತಿಕ್ಕಿ ತೊಳೆದ. ಡಬ್ಬಿ ಏನೋ ತೊಳೀಬಹುದು, ವಾಸನೆ ಕೈಯಲ್ಲೇ ಇದ್ರೆ? ಸಕ್ಕರೆ ಕೈಯಲ್ಲೇ ತಾನೇ ತುಂಬಿದ್ದು.

ಹೌದು. ಮೀನಿಂದೇ.

ಒಲೆ ಯಾಕೆ ಆಫ್ ಮಾಡಿದ್ರಿ? ಕೂತ್ಕೊಳ್ಳಿ. ನಾನೇ ಎದ್ದೆ, ಇಲ್ಲಿ ಕೂತ್ಕೊಳ್ಳಿ.

ಅದು ಬಸ್ ಸ್ಟ್ಯಾಂಡ್ ಅಲ್ಲ ಆಂಟಿ. ಆ ಹಾವಿನ ಬೋರ್ಡಿಂದು. ಅವನ ಮೆಡಿಕಲ್ ಕಾಲೇಜು, ಹಾವು ಡಾಕ್ಟ್ರ ಗುರುತು. ಮುಚ್ಚಿ ಎರಡು ವರ್ಷ ಆಯ್ತಂತೆ. ಒಂದು ದಿನ ಬೆಳಿಗ್ಗೆ ಹೋದ್ರೆ ಮೇಷ್ಟ್ರುಗಳಿಲ್ಲ, ಬೆಂಚಿಲ್ಲ, ಬಾಗಿಲೂ ಬಿಚ್ಕೊಂಡು ಹೋಗಿದ್ರಂತೆ. ಬೇರೆ ಹುಡುಗರೆಲ್ಲ ಊರಿಗೆ ಹೋದ್ರು. ಇವನು ಹೋಗಲಿಲ್ಲ. ಸ್ಕಾಲರ್‌ಶಿಪ್ ಬಂತು, ಇನ್ನು ಫೀಸ್ ಕಳಿಸಬೇಡಿ ಅಂದನಲ್ಲ ನಿಮಗೆ, ಅವತ್ತಿಂದ ದೋಣಿ ಕಟ್ಟೋ ಜೆಟ್ಟಿ ಮೇಲೆ ಮೀನು ಹೆಚ್ಚಿ ಕೊಡ್ತಾನೆ. ಬಕೆಟ್ ಹಿಡ್ಕೊಂಡು ಕ್ಯೂ ನಿಲ್ತಾರೆ ಜನ. ಡಾಕ್ ಅನ್ನೋದು ಅದಕ್ಕೇ. ಮೊದಲು ಗೇಲಿಗೆ ಕರೀತಿದ್ರಂತೆ, ಈಗ ಅದೇ ಹೆಸರಾಗಿದೆ.

ಬೈಯಿರಿ. ನನ್ನನ್ನಾದ್ರೂ ಬೈಯಿರಿ. 'ಹೆಸರು ಉತ್ತಮ, ಮಾರ್ಕ್ಸ್ ಅಧಮ, ಕಿರಣನ್ನ ನೋಡಿ ಕಲಿ' ಅಂತ ಪ್ರತಿ ಹಬ್ಬಕ್ಕೂ ಅಂತಿದ್ರಲ್ಲ. ಸ್ಕೂಲ್ ಬಿಟ್ಟು ಪೆಟ್ರೋಲ್ ಬಂಕಲ್ಲಿ ಬಿಲ್ ಹಾಕೋಕೆ ನಿಂತಾಗ, ಬೇಕಂತಲೇ ಅಲ್ಲಿಗೇ ಕಾರ್ ತಂದು, ಬೇಕಂತಲೇ ಬಿಲ್ ಹಾಕೋವಾಗ ಕಿರಣನ ರ್‍ಯಾಂಕ್ ಹೇಳ್ತಿದ್ರಲ್ಲ. ನಿಜ ಹೇಳ್ಲಾ? ಆ ಜೆಟ್ಟಿ ಮೇಲೆ ಅವನನ್ನ ನೋಡಿದಾಗ ನನಗೆ ಲಾಟರಿ ಹೊಡೆದಂಗಾಯ್ತು. ವಾಪಸ್ ಬರೋವಾಗ ಮೂರು ವಿಮಾನದಲ್ಲೂ ಇದನ್ನೇ ಪ್ರಾಕ್ಟೀಸ್ ಮಾಡ್ಕೊಂಡು ಬಂದೆ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ನಗ್ಬೇಕು. ನಿಮ್ಮ ಮುಖ ಹೇಗಾಗುತ್ತೆ ಅಂತ.

ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ.

ಪೂರ್ತಿ ಕೇಳಿ, ಕೊನೆ ಚೆನ್ನಾಗಿದೆ. ಡಬ್ಬಿ ತೆಗೆದು ಚಟ್ನಿಪುಡೀಗೆ ಮೂಗಿಟ್ಟು ತುಂಬ ಹೊತ್ತು ಹಾಗೇ ನಿಂತಿದ್ದ. ಆಮೇಲೆ ದೋಣಿ ಹೊರಡೋವಾಗ ಓಡಿ ಬಂದು ನನ್ನನ್ನ ತಬ್ಕೊಂಡ. ಅತ್ತ. 'ಅಮ್ಮಂಗೆ ಏನೂ ಹೇಳ್ಬೇಡ ಉತ್ತಮ್, ಕ್ರಿಸ್‌ಮಸ್‌ಗೆ ನಾನೇ ಬಂದು, ಕಾಲು ಹಿಡ್ಕೊಂಡು ಹೇಳ್ತೀನಿ' ಅಂದ. ಬರ್ತಾನೆ ಆಂಟಿ. ನೀವು ಟಿಕೆಟ್ ಕ್ಯಾನ್ಸಲ್ ಮಾಡಿ ಇಲ್ಲೇ ಇರಿ, ಅವನೇ ಬರ್ತಾನೆ. ದೋಣಿ ಮರೆಯಾಗೋ ತನಕ ಕೈ ಬೀಸ್ತಾ ನಿಂತಿದ್ದ.

…ಹಾಗೆ ನೋಡಬೇಡಿ.

ಏನಾದ್ರೂ ಕೇಳಿ. ಯಾವ ಶರ್ಟ್ ಹಾಕಿದ್ದ ಅಂತಾದ್ರೂ ಕೇಳಿ. ನೀವು ಮಾತಾಡದೇ ಕೂತ್ರೆ ನನ್ನ ಬಾಯಿ ನಿಲ್ಲಲ್ಲ, ನಿಮಗೆ ಗೊತ್ತು ಅದು.

ತಬ್ಕೊಳ್ಳಲಿಲ್ಲ.

ಅಳಲೂ ಇಲ್ಲ. ಕ್ರಿಸ್‌ಮಸ್, ಕಾಲು, ಎಲ್ಲ ನಾನೇ ಕಟ್ಟಿದ್ದು. ಚಂಡಮಾರುತಾನೂ ನಂದೇ. ಚಟ್ನಿಪುಡಿ ಒಂದು ನಿಜ. ನಾನು ದೋಣಿ ಇಳಿದ ತಕ್ಷಣ ಅವನು ಕಂಡ, ಬೆನ್ನು ಈ ಕಡೆ ಇತ್ತು. ಕರೀಬಹುದಿತ್ತು. ಕರೀಲಿಲ್ಲ, ಕಂಬದ ಹಿಂದೆ ನಿಂತು ವೀಡಿಯೋ ತೆಗೆದೆ. 'ನೋಡ್ರಪ್ಪಾ, ನಮ್ಮ ವಿಲೆಟನ್ನಿನ ಡಾಕ್ಟ್ರು, ಆಪರೇಷನ್ ನಡೀತಿದೆ' ಅಂತ ಹೇಳ್ಕೊಂಡು, ನಕ್ಕೊಂಡು. ಕನ್ನಡ ಕೇಳಿಸಿ ತಿರುಗಿದ. ಎಷ್ಟು ಖುಷೀಲಿ ತಿರುಗಿದ ಅಂದ್ರೆ… ಆಮೇಲೆ ಫೋನ್ ನೋಡಿದ.

ವೀಡಿಯೋ ಅಳಿಸು ಅಂತ ಅನ್ನಲಿಲ್ಲ. ಡಬ್ಬಿ ತಗೊಂಡ, ತೊಳೆದ, ಸಕ್ಕರೆ ತುಂಬಿದ, ನಾನು ಹೊರಡೋವಾಗ ಒಂದೇ ಮಾತು ಕೇಳಿದ. 'ಅದನ್ನ ಯಾರಿಗೆ ಕಳಿಸ್ತೀಯ?' ತಮಾಷೆಗೆ ಕಿರಣ, ಸುಮ್ಮನೆ ತಮಾಷೆಗೆ ಅಂದೆ. ಅಷ್ಟೇ. ಕೈ ಬೀಸಲಿಲ್ಲ. ಮತ್ತೆ ಮೀನಿನ ಕಡೆ ತಿರುಗಿದೋನು ತಲೆ ಎತ್ತಲಿಲ್ಲ.

ಯಾರಿಗೂ ಕಳಿಸಿಲ್ಲ ಆಂಟಿ. ಕಳಿಸೋಣ ಅಂತಲೇ ತೆಗೆದಿದ್ದು, ಕಳಿಸಿಲ್ಲ. ನೀವು ಹೋಗಿ, ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಬಂದು ಹೇಳೋ ಧೈರ್ಯ ಅವನಿಗಿಲ್ಲ, ನಾನು ನೋಡಿದೀನಿ. ದೋಣೀಲಿ ಎಡಗಡೆ ಕೂತ್ಕೊಳ್ಳಿ, ನೀರು ಎರಚಲ್ಲ.

ತಗೊಳ್ಳಿ ಫೋನು. ಅವನ ಮುಖ ನೋಡಿ ಮೂರೂವರೆ ವರ್ಷ ಆಯ್ತಲ್ಲ ನೀವು. ತಿರುಗೋ ತನಕ ನೋಡಿ, ಅಲ್ಲಿ ಚೆನ್ನಾಗಿ ಕಾಣ್ತಾನೆ. ಸೌಂಡ್ ಮಾತ್ರ ತೆಗೆದುಬಿಡಿ ಆಂಟಿ… ಅದರಲ್ಲಿ ನಗ್ತಿರೋದು ನಾನು.